ಹಳೆಯ ಓಟಗಾರನ ಆರೈಕೆ

ಬೆಲೆಬಾಳುವ ವಸ್ತುವೊಂದು ಅಗ್ಗವಾಗಿ ದೊರೆತಾಗ ಮನುಷ್ಯನಿಗಾಗುವ ಸಂತೋಷ ಅಷ್ಟಿಷ್ಟಲ್ಲ. ಕೊಂಡವನು ಉಳಿತಾಯವಾದ ಹಣವನ್ನು ಮನಸ್ಸಿನಲ್ಲಿಯೇ ಎಣಿಸಿ ಹಿಗ್ಗುತ್ತಾನೆ. ಆ ವಸ್ತು ಅಗ್ಗವಾದದ್ದು ಏಕೆಂಬುದನ್ನು ಮಾತ್ರ ಯೋಚಿಸುವುದಿಲ್ಲ. ಆನೆ ಅಗ್ಗವಾಗಿ ಸಿಕ್ಕಬಹುದು, ಆದರೆ ಆನೆಯ ಹೊಟ್ಟೆ ಅಗ್ಗವಾಗಿ ತುಂಬುವುದುಂಟೆ? ಹಳೆಯ ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಈ ಮಾತು ಅಕ್ಷರಶಃ ಸತ್ಯ. ಹೊಸದಾಗಿದ್ದಾಗ ಸಿರಿವಂತರ ಅಂಗಳದಲ್ಲಿ ಮೆರೆದ ಗಾಡಿಯು ಮೂರು ನಾಲ್ಕು ದಶಕಗಳು ಸಂದು, ಒಂದೂವರೆ ಲಕ್ಷ ಮೈಲಿ ಓಡಿ, ನಾಲ್ಕಾರು ಕೈ ದಾಟಿ, ಸಂಬಳದ ಮೇಲೆ ಬಾಳುವವನ ಅಳವಿಗೆ ಬಂದು ನಿಲ್ಲುತ್ತದೆ. ಆ ವೇಳೆಗೆ ಕಾರಿನ ಬೆಲೆ ಇಳಿದಿರುತ್ತದೆ, ನಿಜ. ಬಿಡಿಭಾಗಗಳ ಬೆಲೆಯಾಗಲಿ, ನುರಿತ ಕೆಲಸಗಾರನ ಕೂಲಿಯಾಗಲಿ ಇಳಿದಿರುವುದಿಲ್ಲ. ಹೀಗಾಗಿ ಒಂದೇ ಒಂದು ದೊಡ್ಡ ರಿಪೇರಿಯ ಖರ್ಚು ಇಡೀ ಕಾರಿನ ಬೆಲೆಯನ್ನು ಮೀರಿ, ಮೂಗಿಗಿಂತ ಮೂಗುತಿ ಭಾರವೆಂಬಂತಾಗುತ್ತದೆ.

ಇಂತಹ ಗಾಡಿಯನ್ನು ಕೊಂಡು ಸುಖಪಟ್ಟವರೂ ಇದ್ದಾರೆ, ಕೈಸುಟ್ಟುಕೊಂಡವರೂ ಇದ್ದಾರೆ. ಇವರಿಬ್ಬರ ನಡುವಣ ಅಂತರ ಅದೃಷ್ಟದ್ದಲ್ಲ. ಯಾವ ಭಾಗ ಕೆಟ್ಟರೆ ಏನಾಗುತ್ತದೆಂಬುದನ್ನು ಅರಿತು, ಅದು ಕೆಡುವ ಮೊದಲೇ ಬದಲಾಯಿಸುವ ಮುಂದಾಲೋಚನೆಯದು. ಇದನ್ನು ಮನಗಾಣಲು ಜರ್ಮನಿಯ ಪೋರ್ಷೆ ಕಂಪನಿಯ 944 ಎಂಬ ಕಾರಿಗಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ.

ಈ ಮಾದರಿಯು 1982ರಿಂದ 1991ರವರೆಗೆ ತಯಾರಾಯಿತು. ಒಟ್ಟು 1,60,000ಕ್ಕೂ ಹೆಚ್ಚು ಕಾರುಗಳು ಹೊರಬಂದುವು. ಅವುಗಳಲ್ಲಿ ಬಹುಪಾಲು ಜೋಡಣೆಯಾದದ್ದು ನೆಕರ್‌ಸುಲ್ಮ್ ಪಟ್ಟಣದ ಔಡಿ ಕಾರ್ಖಾನೆಯಲ್ಲಿ. ದೊಡ್ಡ ಪಾಲು ಅಮೆರಿಕೆಗೆ ಹೋಯಿತು. ಎಂಜಿನ್ನು ಮುಂದೆ, ಗೇರುಪೆಟ್ಟಿಗೆ ಹಿಂದೆ. ಇದರಿಂದ ಕಾರಿನ ಭಾರವು ಮುಂದಿನ ಹಿಂದಿನ ಚಕ್ರಗಳ ಮೇಲೆ ಹೆಚ್ಚುಕಡಿಮೆ ಸಮನಾಗಿ ಬಿದ್ದು, ತಿರುವುಗಳಲ್ಲಿ ಅದು ಹಿಡಿತ ತಪ್ಪದೆ ಓಡುತ್ತಿತ್ತು. ನಾಲ್ಕೇ ಸಿಲಿಂಡರುಗಳ ಎಂಜಿನ್ನಾದರೂ ಅದರ ಗಾತ್ರ ಸುಮಾರು ಎರಡೂವರೆ ಲೀಟರು. ತಯಾರಕರು ಇದನ್ನು ದೀರ್ಘಾಯುಸ್ಸಿಗೆಂದೇ ರೂಪಿಸಿದ್ದರು. ಒಡಲಿನ ತಗಡಿಗೆಲ್ಲ ಸತುವಿನ ಲೇಪವಿತ್ತು. ಆದರೆ ಇದರ ಆಯುಸ್ಸಿನ ಗುಟ್ಟು ಉಕ್ಕಿನಲ್ಲಿಲ್ಲ, ರಬ್ಬರಿನ ಒಂದು ಪಟ್ಟಿಯಲ್ಲಿದೆ!

ಒಂದು ಪಟ್ಟಿಯ ಮೇಲೆ ನಿಂತ ಪ್ರಾಣ

ಹಿಟ್ಟಿನ ಗಿರಣಿಯ ಬೆಲ್ಟನ್ನು ನೋಡದವರಿಲ್ಲ. ಮೋಟಾರಿನ ಗಾಲಿಯಿಂದ ಗಿರಣಿಯ ಗಾಲಿಗೆ ಅದು ಶಕ್ತಿಯನ್ನು ಸಾಗಿಸುತ್ತದೆ. ಒಂದು ದಿನ ಅದು ಹರಿದರೆ ಗಿರಣಿ ನಿಲ್ಲುತ್ತದೆ. ಹೊಸ ಬೆಲ್ಟು ಹಾಕಿದೊಡನೆ ರಾಗಿ ಮತ್ತೆ ಹಿಟ್ಟಾಗುತ್ತದೆ. ನಷ್ಟವೆಂದರೆ ಒಂದರ್ಧ ದಿನದ ಸಂಪಾದನೆ, ಅಷ್ಟೆ.

944ರ ಎಂಜಿನ್ನಿನಲ್ಲಿಯೂ ಒಂದು ಹಲ್ಲಿನ ಬೆಲ್ಟಿದೆ. ಅದು ಎಂಜಿನ್ನಿನ ಕೆಳಗಣ ಪ್ರಧಾನ ದಂಡದಿಂದ ಮೇಲಣ ಕ್ಯಾಮ್‌ದಂಡಕ್ಕೆ ಚಲನೆಯನ್ನು ಒಯ್ಯುತ್ತದೆ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಒಳಕ್ಕೆ ಬಿಡುವ, ಸುಟ್ಟ ಹೊಗೆಯನ್ನು ಹೊರಕ್ಕೆ ಕಳಿಸುವ ವಾಲ್ವುಗಳು ತೆರೆದು ಮುಚ್ಚುವುದು ಈ ಕ್ಯಾಮ್‌ದಂಡದಿಂದಲೇ. ಎಂಜಿನ್ನು ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಪಿಸ್ಟನ್ನು ಮೇಲೇರಿ ಬರುವಷ್ಟರಲ್ಲಿ ವಾಲ್ವು ತನ್ನ ಗೂಡಿಗೆ ಹಿಂದಿರುಗಿರಬೇಕು. ಇಬ್ಬರು ನರ್ತಕರು ಒಂದೇ ಕಿರುಗೋಣೆಯಲ್ಲಿ ಕುಣಿಯುತ್ತಿದ್ದಂತೆ ಇದು. ತಾಳ ತಪ್ಪದಿದ್ದರೆ ಸೊಗಸು, ತಪ್ಪಿದರೆ ಘರ್ಷಣೆ.

ಬೆಲ್ಟು ಹರಿದರೆ, ಅಥವಾ ಸಡಿಲಗೊಂಡು ಕೆಲವು ಹಲ್ಲು ಜಾರಿದರೆ, ಕ್ಯಾಮ್‌ದಂಡದ ಲೆಕ್ಕ ತಪ್ಪುತ್ತದೆ. ತೆರೆದ ವಾಲ್ವು ತೆರೆದಂತೆಯೇ ಇರುತ್ತದೆ. ಪಿಸ್ಟನ್ನು ಮಾತ್ರ ತನ್ನ ಓಟದ ಬಿರುಸಿನಲ್ಲಿ ಮೇಲೇರಿ ಬಂದು ಅದಕ್ಕೆ ಅಪ್ಪಳಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ವಾಲ್ವುಗಳು ಬಾಗುತ್ತವೆ. ಕೆಲವೊಮ್ಮೆ ಪಿಸ್ಟನ್ನಿನ ತಲೆಗೂ ಪೆಟ್ಟಾಗುತ್ತದೆ. ಎಂಜಿನ್ನಿನ ಮೇಲ್ಭಾಗವನ್ನೆಲ್ಲ ಬಿಚ್ಚದ ಹೊರತು ಇದಕ್ಕೆ ಪರಿಹಾರವಿಲ್ಲ. ರಬ್ಬರಿನ ಪಟ್ಟಿಯನ್ನು ಕಾಲಕ್ಕೆ ಸರಿಯಾಗಿ ಬದಲಾಯಿಸದ ತಪ್ಪಿಗೆ ಇಡೀ ಎಂಜಿನ್ನು ದಂಡ ತೆರಬೇಕಾಗುತ್ತದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೇನು ಫಲ?

ಇದೇ ಎಂಜಿನ್ನಿಗೆ ಎರಡನೆಯ ಬೆಲ್ಟೊಂದಿದೆ. ನಾಲ್ಕು ಸಿಲಿಂಡರುಗಳ ದೊಡ್ಡ ಎಂಜಿನ್ನಿನಲ್ಲಿ ಸಹಜವಾಗಿಯೇ ಹುಟ್ಟುವ ಕಂಪನವನ್ನು ಅಡಗಿಸಲು ಪೋರ್ಷೆ ಕಂಪನಿಯು ಜಪಾನಿನ ಮಿತ್ಸುಬಿಷಿಯಿಂದ ಅನುಮತಿ ಪಡೆದು ಎರಡು ಸಮತೋಲನ ದಂಡಗಳನ್ನು ಅಳವಡಿಸಿತು. ಎಂಜಿನ್ನಿಗಿಂತ ಎರಡು ಪಟ್ಟು ವೇಗದಲ್ಲಿ ಅವು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಇವುಗಳನ್ನು ತಿರುಗಿಸುವ ಬೆಲ್ಟು ಹರಿದರೆ ಕಂಪನ ಹೆಚ್ಚುವುದಷ್ಟೇ ಎಂದು ಭಾವಿಸಿ ಅಲಕ್ಷ್ಯ ಮಾಡುವವರುಂಟು. ಆದರೆ ಹರಿದ ತುಂಡು ಪಕ್ಕದ ಪ್ರಧಾನ ಬೆಲ್ಟಿಗೆ ಸಿಕ್ಕಿಕೊಂಡರೆ ಅದನ್ನೂ ಕೆಡವುತ್ತದೆ. ಆದುದರಿಂದ ಎರಡನ್ನೂ ಒಟ್ಟಿಗೇ ಬದಲಾಯಿಸುವುದು ರೂಢಿ.

ಎಷ್ಟು ದಿನಕ್ಕೊಮ್ಮೆ? ಅನುಭವಸ್ಥರು ಅನುಸರಿಸುವ ನಿಯಮವೆಂದರೆ 30,000 ಮೈಲಿ, ಅಥವಾ ಮೂರು ನಾಲ್ಕು ವರ್ಷ, ಇವುಗಳಲ್ಲಿ ಯಾವುದು ಮೊದಲು ಬಂದರೆ ಅದು. ಹಾಕಿದ ಹೊಸ ಬೆಲ್ಟು ಸ್ವಲ್ಪ ಹಿಗ್ಗುವುದರಿಂದ ಸುಮಾರು 2,000 ಮೈಲಿ ಓಡಿದ ಮೇಲೆ ಅದರ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಈ ಬಿಗಿಯನ್ನು ನೋಡುವುದು ಎಂಜಿನ್ನು ಪೂರ್ತಿ ತಣ್ಣಗಿರುವಾಗ, ಅದಕ್ಕೆಂದೇ ಇರುವ ಅಳತೆಯ ಉಪಕರಣದಿಂದ. ಸಡಿಲವಾದರೆ ಹಲ್ಲು ಜಾರುತ್ತದೆ. ಅತಿಯಾಗಿ ಬಿಗಿದರೆ ಬೇರಿಂಗುಗಳು ಬೇಗ ಸವೆಯುತ್ತವೆ. ವೀಣೆಯ ತಂತಿಗೆ ಹೇಗೋ ಹಾಗೆ ಇಲ್ಲಿಯೂ ಹದವೇ ಮುಖ್ಯ.

ಒಂದು ಬಾಗಿಲು ತೆರೆದಾಗ

ಎಂಜಿನ್ನನ್ನು ತಂಪಾಗಿಡುವ ನೀರಿನ ಪಂಪು ತಿರುಗುವುದೂ ಈ ಪ್ರಧಾನ ಬೆಲ್ಟಿನಿಂದಲೇ. ಪಂಪಿನ ಬೇರಿಂಗು ಹಿಡಿದುಕೊಂಡರೆ ಬೆಲ್ಟು ಹರಿಯುತ್ತದೆ. ಬೆಲ್ಟು ಎಷ್ಟೇ ಹೊಸದಾಗಿದ್ದರೂ ಆಗ ಉಪಯೋಗವಿಲ್ಲ. ಬೆಲ್ಟು ಸುತ್ತಿಹಾಯುವ ಉರುಳೆಗಳ ಕತೆಯೂ ಇದೇ. ಎಂಜಿನ್ನಿನ ಮುಂಭಾಗದಲ್ಲಿ ದಂಡಗಳು ಹೊರಬರುವೆಡೆಯಲ್ಲಿ ಎಣ್ಣೆ ಸೋರದಂತೆ ರಬ್ಬರಿನ ಸೀಲುಗಳಿವೆ. ಅವು ಗಡುಸಾಗಿ ಎಣ್ಣೆ ಜಿನುಗಿದರೆ, ಆ ಎಣ್ಣೆ ಬೆಲ್ಟಿನ ಮೇಲೆ ಬಿದ್ದು ಅದರ ರಬ್ಬರನ್ನು ಹಾಳುಮಾಡುತ್ತದೆ.

ಅಂದಮೇಲೆ ಜಾಣನಾದವನು ಮಾಡಬೇಕಾದುದೇನು? ಬೆಲ್ಟಿಗಾಗಿ ಎಂಜಿನ್ನಿನ ಮುಂಭಾಗವನ್ನು ಬಿಚ್ಚಿದಾಗಲೇ ಪಂಪನ್ನೂ ಉರುಳೆಗಳನ್ನೂ ಸೀಲುಗಳನ್ನೂ ಪರೀಕ್ಷಿಸಿ, ಅವುಗಳ ವಯಸ್ಸು ತಿಳಿಯದಿದ್ದರೆ ಎಲ್ಲವನ್ನೂ ಒಮ್ಮೆಲೇ ಬದಲಾಯಿಸುವುದು. ಭಾಗಗಳ ಬೆಲೆಗಿಂತ ಬಿಚ್ಚಿ ಜೋಡಿಸುವ ಕೂಲಿಯೇ ಹೆಚ್ಚಿರುವಾಗ, ಒಂದೇ ಕೂಲಿಯಲ್ಲಿ ಐದಾರು ಕೆಲಸ ಆಗಿಹೋಗುತ್ತದೆ. ಮನೆಯ ಹೆಂಚು ತೆಗೆಸಿದಾಗಲೇ ಗೆದ್ದಲು ಹಿಡಿದ ರೀಪರುಗಳನ್ನೂ ಬದಲಾಯಿಸುವ ಗೃಹಸ್ಥನ ವಿವೇಕವಿದು.

ಕ್ಲಚ್ಚಿನ ವಿಷಯದಲ್ಲಿಯೂ ಈ ವಿವೇಕ ಬೇಕು. ಈ ಕಾರಿನ ಮೂಲ ಕ್ಲಚ್ಚು ತಟ್ಟೆಯ ನಡುವೆ ರಬ್ಬರಿನ ಭಾಗವಿದ್ದು, ವರ್ಷಗಳು ಕಳೆದಂತೆ ಅದು ಒಡೆದುಹೋಗುತ್ತದೆ. ಗೇರುಪೆಟ್ಟಿಗೆ ಹಿಂದಿರುವುದರಿಂದ, ಅದನ್ನೂ ಮುಂದು ಹಿಂದನ್ನು ಕೂಡಿಸುವ ಉದ್ದನೆಯ ಕೊಳವೆಯನ್ನೂ ಕದಲಿಸದೆ ಕ್ಲಚ್ಚನ್ನು ಮುಟ್ಟುವಂತಿಲ್ಲ. ಕಾರಿನ ಸಮತೋಲವನ್ನು ಹೊಗಳಿದವನು ಅದರ ಬೆಲೆಯನ್ನು ಇಲ್ಲಿ ತೆರುತ್ತಾನೆ.

ಮೈಲಿಯಲ್ಲ, ವರ್ಷ

ಹಳೆಯ ಕಾರನ್ನು ಕೊಳ್ಳುವವರು ಮೊದಲು ನೋಡುವುದು ಓಡಿದ ಮೈಲಿಯನ್ನು. ಅಂಕಿ ಕಡಿಮೆಯಿದ್ದರೆ ಹಿಗ್ಗು, ಹೆಚ್ಚಿದ್ದರೆ ಹಿಂಜರಿಕೆ. 944ರ ವಿಷಯದಲ್ಲಿ ಈ ಅಂಕಿಯನ್ನೇ ನೆಚ್ಚುವುದು ಅಪಾಯ. ಏಕೆಂದರೆ ಮೈಲಿ ತೋರಿಸುವ ಮಾಪಕದೊಳಗಿನ ಚಿಕ್ಕ ಪ್ಲಾಸ್ಟಿಕ್ ಗಾಲಿಯೊಂದು ಕಾಲಾಂತರದಲ್ಲಿ ಪುಡಿಪುಡಿಯಾಗುತ್ತದೆ. ವೇಗದ ಮುಳ್ಳು ಎಂದಿನಂತೆ ಆಡುತ್ತಲೇ ಇರುತ್ತದೆ. ಮೈಲಿಯ ಅಂಕಿ ಮಾತ್ರ ನಿಂತ ಗಡಿಯಾರದಂತೆ ಇದ್ದಲ್ಲೇ ಇರುತ್ತದೆ. ಒಡೆಯನಿಗೆ ಮೋಸದ ಉದ್ದೇಶವಿಲ್ಲದಿದ್ದರೂ 90,000 ಎಂದು ತೋರಿಸುವ ಕಾರು ಅದರ ಮೇಲೆ ಇನ್ನೆಷ್ಟು ಓಡಿದೆಯೋ ಹೇಳಬಲ್ಲವರಾರು?

ಅಂಕಿ ನಿಜವೆಂದೇ ಇಟ್ಟುಕೊಂಡರೂ, ರಬ್ಬರಿಗೆ ಮೈಲಿಯ ಲೆಕ್ಕ ತಿಳಿಯದು. ಅಡುಗೆಮನೆಯ ಕುಕ್ಕರಿನ ಗ್ಯಾಸ್ಕೆಟ್ಟನ್ನು ಬಲ್ಲ ಗೃಹಿಣಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಸದರಲ್ಲಿ ಮೆತ್ತಗಿದ್ದ ಅದು ದಿನ ಕಳೆದಂತೆ ಬಿರುಸಾಗಿ, ಆವಿಯನ್ನು ತಡೆಯಲಾರದೆ ಹೋಗುತ್ತದೆ. ಉಪಯೋಗಿಸದೆ ಗೂಡಿನಲ್ಲಿಟ್ಟಿದ್ದರೂ ಅದಕ್ಕೆ ವಯಸ್ಸಾಗುವುದು ತಪ್ಪುವುದಿಲ್ಲ. ಕಾರಿನ ಕೊಳವೆ, ಸೀಲು, ಬೆಲ್ಟು, ಟೈರುಗಳೂ ಹೀಗೆಯೇ. ಆದುದರಿಂದ ಹತ್ತು ವರ್ಷ ಹೊದಿಕೆಯ ಕೆಳಗೆ ನಿಂತಿದ್ದ ‘ಕಡಿಮೆ ಓಡಿದ’ ಕಾರಿಗಿಂತ, ಪ್ರತಿವಾರವೂ ಓಡುತ್ತ ಕಾಲಕಾಲಕ್ಕೆ ಆರೈಕೆ ಪಡೆದ ಒಂದೂವರೆ ಲಕ್ಷ ಮೈಲಿಯ ಕಾರೇ ಎಷ್ಟೋ ವೇಳೆ ಮೇಲು. ಟೈರಿನ ಪಕ್ಕೆಯನ್ನು ನೋಡಿದರೆ ನಾಲ್ಕು ಅಂಕಿಗಳ ಒಂದು ಗುರುತು ಕಾಣುತ್ತದೆ. ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. 2314 ಎಂದಿದ್ದರೆ ಅದು 2014ರ 23ನೆಯ ವಾರದಲ್ಲಿ ಹುಟ್ಟಿದ ಟೈರು. ಅದರ ಮೈಮೇಲಿನ ಗೆರೆಗಳು ಎಷ್ಟೇ ಆಳವಾಗಿದ್ದರೂ ವೇಗದ ಓಟಕ್ಕೆ ಅದು ತಕ್ಕುದಲ್ಲ.

ಯಾವುದಕ್ಕೆ ಮೊದಲ ಮಣೆ?

ಹಳೆಯ ಕಾರಿನಲ್ಲಿ ಕೆಲಸಗಳು ನೂರಿರುತ್ತವೆ, ಕೈಯಲ್ಲಿ ಹಣ ಹತ್ತಕ್ಕಷ್ಟೇ ಇರುತ್ತದೆ. ಆಗ ಯಾವುದು ಕಣ್ಣಿಗೆ ಕಾಣುತ್ತದೆಂದು ನೋಡದೆ, ಯಾವುದು ಕೆಟ್ಟರೆ ಎಷ್ಟು ಹಾನಿಯೆಂದು ನೋಡಿ ಸರದಿಯನ್ನು ಗೊತ್ತುಮಾಡಬೇಕು.

ಮೊದಲನೆಯದು ಪ್ರಾಣಕ್ಕೆ ಅಪಾಯ ತರುವಂಥದು. ಎಂಜಿನ್ನಿಗೆ ಪೆಟ್ರೋಲನ್ನು ಒತ್ತಡದಲ್ಲಿ ತರುವ ರಬ್ಬರು ಕೊಳವೆಗಳು ಈ ಕಾರಿನಲ್ಲಿ ಎಂಜಿನ್ನಿನ ಮೇಲೆಯೇ ಹಾದುಹೋಗುತ್ತವೆ. ವಯಸ್ಸಾದ ಕೊಳವೆ ಬಿರಿದು ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಚಿಮ್ಮಿದರೆ ಬೆಂಕಿಗೆ ಬೇರೆ ಆಹ್ವಾನ ಬೇಕಿಲ್ಲ. ಅಡುಗೆ ಅನಿಲದ ಕೊಳವೆಯನ್ನು ಅವಧಿ ಮುಗಿದೊಡನೆ ಬದಲಾಯಿಸುವ ಸಂಸಾರವಂದಿಗರು ಇದನ್ನೂ ಅದೇ ಕಣ್ಣಿನಿಂದ ನೋಡಬೇಕು. ಗಾಡಿಯನ್ನು ಕೊಂಡೊಡನೆ ಪೆಟ್ರೋಲಿನ ವಾಸನೆ ಬಂದರೆ, ಓಡಿಸುವುದನ್ನು ನಿಲ್ಲಿಸಿ ಮೊದಲು ಕೊಳವೆಯನ್ನು ಹುಡುಕಬೇಕು. ಇದರ ಜೊತೆಗೆ ಬ್ರೇಕು. ಬ್ರೇಕಿನ ದ್ರವವು ಗಾಳಿಯಲ್ಲಿನ ತೇವವನ್ನು ಮೆಲ್ಲಮೆಲ್ಲನೆ ಹೀರಿಕೊಳ್ಳುತ್ತದೆ. ತೇವ ಹೆಚ್ಚಿದಷ್ಟೂ ಅದು ಬೇಗ ಕುದಿಯುತ್ತದೆ. ಇಳಿಜಾರಿನಲ್ಲಿ ಪದೇ ಪದೇ ಬ್ರೇಕು ಒತ್ತಿದಾಗ ದ್ರವ ಕುದಿದು ಆವಿಯಾದರೆ ಕಾಲಡಿಯ ಪೆಡಲು ಸದ್ದಿಲ್ಲದೆ ನೆಲಕ್ಕಿಳಿಯುತ್ತದೆ. ಆದುದರಿಂದ ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ತಿ ಬದಲಾಯಿಸುವುದು ಕ್ಷೇಮ.

ಎರಡನೆಯದು ಎಂಜಿನ್ನನ್ನೇ ಕೊಲ್ಲುವಂಥದು. ಬೆಲ್ಟುಗಳ ಮಾತು ಆಗಲೇ ಬಂದಿದೆ. ಅದರ ನಂತರದ ಸ್ಥಾನ ನೀರಿಗೆ. ಈ ಎಂಜಿನ್ನಿನ ಒಡಲೂ ತಲೆಯೂ ಅಲ್ಯೂಮಿನಿಯಮಿನವು. ತುಕ್ಕುನಿರೋಧಕ ಬೆರೆಸಿದ ದ್ರವವನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಾಯಿಸದಿದ್ದರೆ ಲೋಹ ಒಳಗೊಳಗೇ ಸವೆಯುತ್ತದೆ. ಹೊಸ ದ್ರವ ತುಂಬುವಾಗ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಮೇಲಿನ ತಿರುಪಿನ ಮೂಲಕ ಹೊರಬಿಡಬೇಕು; ಬಿಡದೆ ಹೋದರೆ ಗಾಳಿಯ ಗುಳ್ಳೆ ನಿಂತೆಡೆಯಲ್ಲಿ ಎಂಜಿನ್ನು ಕಾದು ಕೆಂಡವಾದೀತು. ರೇಡಿಯೇಟರಿನ ವಿದ್ಯುತ್ ಪಂಖಗಳು ಬಿಸಿ ಏರಿದಾಗ ತಾವಾಗಿ ತಿರುಗುತ್ತವೆಯೇ ಎಂಬುದನ್ನು ಮನೆಯ ಮುಂದೆ ನಿಲ್ಲಿಸಿಯೇ ನೋಡಬಹುದು. ಎಣ್ಣೆಯನ್ನು ತಂಪಾಗಿಸುವ ಭಾಗದ ಸೀಲುಗಳು ಸವೆದರೆ ಎಣ್ಣೆ ಮತ್ತು ನೀರು ಒಂದರೊಳಗೊಂದು ಸೇರಿ ಕೆನೆಯಂತಹ ರಾಡಿಯಾಗುತ್ತದೆ; ನೀರಿನ ತೊಟ್ಟಿಯ ಮುಚ್ಚಳ ತೆರೆದು ಆಗಾಗ ಕಣ್ಣಾಡಿಸಿದರೆ ಅದು ಮೊದಲೇ ತಿಳಿಯುತ್ತದೆ. ಈ ಪರೀಕ್ಷೆಯನ್ನು ಎಂಜಿನ್ನು ತಣ್ಣಗಿರುವಾಗ ಮಾತ್ರ ಮಾಡಬೇಕು. ಎಂಜಿನ್ ಎಣ್ಣೆಯ ಮಟ್ಟ ಕಡಿಮೆಯಾಗಲು ಎಂದೂ ಬಿಡಬಾರದು. ಎಣ್ಣೆಯ ಕೊರತೆಯಾದರೆ ಈ ಎಂಜಿನ್ನಿನಲ್ಲಿ ಮೊದಲು ಬಲಿಯಾಗುವುದು ಎರಡನೆಯ ಸಿಲಿಂಡರಿನ ಬೇರಿಂಗು ಎಂಬುದು ರಿಪೇರಿಗಾರರೆಲ್ಲ ಬಲ್ಲ ಸಂಗತಿ.

ಮೂರನೆಯದು ನಡುದಾರಿಯಲ್ಲಿ ಕೈಕೊಡುವಂಥದು. ಎಂಜಿನ್ನಿನ ಪೆಟ್ರೋಲು ಮತ್ತು ಕಿಡಿಯ ಲೆಕ್ಕವನ್ನು ಇಲ್ಲಿ ನೋಡಿಕೊಳ್ಳುವುದು ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ವ್ಯವಸ್ಥೆ. ಬೆಂಗಳೂರಿಗರಿಗೆ ಈ ಹೆಸರು ಹೊಸದಲ್ಲ. 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ಬೆಳೆದ ಮೈಕೋ ಇದೇ ಬಳಗದ್ದು, 2008ರಲ್ಲಿ ಅದು ಬಾಷ್ ಎಂಬ ಹೆಸರನ್ನೇ ತಳೆಯಿತು. ಈ ವ್ಯವಸ್ಥೆಗೂ ಪೆಟ್ರೋಲು ಪಂಪಿಗೂ ವಿದ್ಯುತ್ತನ್ನು ಒದಗಿಸುವುದು ಬೆಂಕಿಪೊಟ್ಟಣದಷ್ಟು ಚಿಕ್ಕದಾದ ಒಂದು ರಿಲೇ. ಕಾವಿಗೂ ಕಂಪನಕ್ಕೂ ಸಿಕ್ಕಿ ಅದರೊಳಗಿನ ಬೆಸುಗೆ ಬಿರುಕುಬಿಡುತ್ತದೆ. ಆಗ ಸ್ಟಾರ್ಟರು ತಿರುಗುತ್ತದೆ, ಎಂಜಿನ್ನು ಮಾತ್ರ ಹೊತ್ತುವುದಿಲ್ಲ. ದೊಡ್ಡ ರೋಗವೆಂದು ಹೆದರಿ ಗಾಡಿಯನ್ನು ಎಳೆಸಿಕೊಂಡು ಹೋದವರು ಎಷ್ಟೋ ಮಂದಿ. ತಿಳಿದವರು ಹೊಸ ರಿಲೇ ಒಂದನ್ನು ಕಾರಿನಲ್ಲಿಯೇ ಇಟ್ಟುಕೊಂಡು, ಐದು ನಿಮಿಷದಲ್ಲಿ ಬದಲಾಯಿಸಿ ದಾರಿ ಹಿಡಿಯುತ್ತಾರೆ.

ನಾಲ್ಕನೆಯದು ಅಂದಚಂದ. ಮಾಸಿದ ಬಣ್ಣ, ಬಿರಿದ ಡ್ಯಾಷ್‌ಬೋರ್ಡು, ಹಳತಾದ ಆಸನದ ಬಟ್ಟೆ ಇವು ಕಾಯಬಲ್ಲವು. ಆದರೆ ಒಂದು ಎಚ್ಚರಿಕೆ. ಸತುವಿನ ಲೇಪವಿದ್ದರೂ ನೀರು ನಿಲ್ಲುವ ಎಡೆಗಳಲ್ಲಿ, ಮುಖ್ಯವಾಗಿ ಬಾಗಿಲ ಕೆಳಗಣ ಅಂಚಿನಲ್ಲಿ, ತುಕ್ಕು ಹುಟ್ಟುವುದುಂಟು. ನೀರು ಹರಿದುಹೋಗುವ ಕಿಂಡಿಗಳಲ್ಲಿ ಎಲೆ ಕಸ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು ಖರ್ಚಿಲ್ಲದ ಚಿಕಿತ್ಸೆ.

ಇಬ್ಬರು ಗೆಳೆಯರು

ಒಂದೇ ಊರಿನ ಇಬ್ಬರು ಗೆಳೆಯರು ಒಂದೇ ವರ್ಷದ, ಒಂದೇ ಬೆಲೆಯ ಎರಡು 944ಗಳನ್ನು ಕೊಂಡರೆಂದು ಭಾವಿಸಬಹುದು. ಇಬ್ಬರಿಗೂ ಬೆಲ್ಟಿನ ವಯಸ್ಸು ಗೊತ್ತಿಲ್ಲ. ಮೊದಲನೆಯವನು ಕಾರಿಗೆ ಹೊಸ ಬಣ್ಣ ಹೊಡೆಸಿ, ಥಳಥಳಿಸುವ ಚಕ್ರಗಳನ್ನು ತೊಡಿಸಿದ. ‘ಎಂಜಿನ್ನು ಚೆನ್ನಾಗಿಯೇ ಓಡುತ್ತಿದೆಯಲ್ಲ, ಬೆಲ್ಟಿಗೇನು ಅವಸರ?’ ಎಂದ. ಎರಡನೆಯವನ ಕಾರು ಮಾಸಿದ ಬಣ್ಣದಲ್ಲಿಯೇ ಉಳಿಯಿತು; ಅವನು ಅದೇ ಹಣವನ್ನು ಬೆಲ್ಟು, ಪಂಪು, ಸೀಲು, ಕೊಳವೆಗಳಿಗೆ ಸುರಿದ. ಖರ್ಚಾದದ್ದು ಕಾಣಲಿಲ್ಲವೆಂದು ಮನೆಯವರು ಗೊಣಗಿದ್ದರೂ ಆಶ್ಚರ್ಯವಿಲ್ಲ. ಮೊದಲ ಆರು ತಿಂಗಳು ಬೀದಿಯ ಜನರ ಮೆಚ್ಚುಗೆಯೆಲ್ಲ ಮೊದಲನೆಯವನ ಪಾಲಿಗೆ. ಏಳನೆಯ ತಿಂಗಳಲ್ಲಿ ಹೆದ್ದಾರಿಯ ನಡುವೆ ಬೆಲ್ಟು ಹರಿಯಿತೆಂದರೆ, ಆ ಥಳಥಳಿಸುವ ಚಕ್ರಗಳು ಎಂಜಿನ್ನಿಲ್ಲದ ಗಾಡಿಯನ್ನು ಹೊತ್ತು ನಿಂತಿರುತ್ತವೆ.

ಬೆಲ್ಟಿನ ವಿಷಯದಲ್ಲಿ ‘ಚೆನ್ನಾಗಿಯೇ ಓಡುತ್ತಿದೆ’ ಎಂಬುದು ಸಾಕ್ಷ್ಯವೇ ಅಲ್ಲ. ಹರಿಯುವ ಹಿಂದಿನ ಕ್ಷಣದವರೆಗೂ ಅದು ಚೆನ್ನಾಗಿಯೇ ಓಡುತ್ತಿರುತ್ತದೆ. ಬ್ರೇಕು ಕಿರುಚಿ ಹೇಳುತ್ತದೆ, ಕ್ಲಚ್ಚು ಜಾರಿ ಹೇಳುತ್ತದೆ, ಟೈರು ಬೋಳಾಗಿ ಹೇಳುತ್ತದೆ. ಬೆಲ್ಟು ಮಾತ್ರ ಬಹುಮಟ್ಟಿಗೆ ಏನನ್ನೂ ಹೇಳದೆಯೇ ಹೋಗುತ್ತದೆ. ಮಾತಾಡದ ಭಾಗಗಳ ಪರವಾಗಿ ಮಾತಾಡಬಲ್ಲದ್ದು ಕ್ಯಾಲೆಂಡರೊಂದೇ.

ಕಾರಿನ ಜಾತಕ

ಅದಕ್ಕಾಗಿಯೇ ಹಳೆಯ ಕಾರಿಗೆ ಒಂದು ದಿನಚರಿ ಪುಸ್ತಕ ಬೇಕು. ಯಾವ ದಿನ, ಎಷ್ಟನೆಯ ಮೈಲಿಯಲ್ಲಿ, ಯಾವ ಭಾಗ ಬದಲಾಯಿತು, ಯಾರು ಬದಲಾಯಿಸಿದರು ಎಂಬುದು ಅದರಲ್ಲಿರಬೇಕು; ರಸೀತಿಗಳು ಅದರ ಜೊತೆಗಿರಬೇಕು. ಕೊಳ್ಳುವಾಗಲೂ ಮೊದಲು ಕೇಳಬೇಕಾದದ್ದು ಈ ಪುಸ್ತಕವನ್ನೇ. ‘ಬೆಲ್ಟು ಈಚೆಗೆ ಹಾಕಿಸಿದ್ದೇನೆ’ ಎಂಬ ಮಾರುವವನ ಬಾಯಿಮಾತಿಗೆ ರಸೀತಿಯಿಲ್ಲದಿದ್ದರೆ, ಹಾಕಿಸಿಯೇ ಇಲ್ಲವೆಂದು ತಿಳಿದು ಆ ಖರ್ಚನ್ನೂ ಕಾರಿನ ಬೆಲೆಗೆ ಸೇರಿಸಿಯೇ ವ್ಯಾಪಾರ ಮಾತಾಡಬೇಕು. ಹೀಗೆ ಲೆಕ್ಕ ಹಾಕಿದಾಗ, ಅಗ್ಗವೆಂದು ಕಂಡ ಕಾರು ದುಬಾರಿಯಾಗಿಯೂ, ದುಬಾರಿಯೆಂದು ಕಂಡದ್ದು ಅಗ್ಗವಾಗಿಯೂ ಮಾರ್ಪಡುವುದುಂಟು.

ವರ್ಷಕ್ಕೆ ಇಷ್ಟೆಂದು ಒಂದು ಮೊತ್ತವನ್ನು ಗಾಡಿಯ ಹೆಸರಿನಲ್ಲಿ ತೆಗೆದಿಡುವುದು ಇನ್ನೊಂದು ಒಳ್ಳೆಯ ಅಭ್ಯಾಸ. ಮಗಳ ಶಾಲೆಯ ಶುಲ್ಕದಂತೆ, ಮನೆಯ ಕಂದಾಯದಂತೆ ಅದೂ ಗೊತ್ತಾದ ಖರ್ಚಾದರೆ, ಸಂಸಾರದ ಆಯವ್ಯಯ ಏರುಪೇರಾಗುವುದಿಲ್ಲ. ಅಷ್ಟನ್ನು ತೆಗೆದಿಡುವ ಶಕ್ತಿಯಿಲ್ಲದಿದ್ದರೆ ಇಂತಹ ಗಾಡಿಯನ್ನು ದೂರದಿಂದ ನೋಡಿ ಸಂತೋಷಪಡುವುದೇ ಲೇಸು.

ಶಕ್ತಿಯಿದ್ದು, ಶಿಸ್ತೂ ಇದ್ದವನಿಗೆ ಹಳೆಯ ಓಟಗಾರ ನಿರಾಶೆ ಮಾಡುವುದಿಲ್ಲ. ಕೊನೆಯ 944 ಕಾರ್ಖಾನೆಯಿಂದ ಹೊರಬಂದು ಮೂರು ದಶಕಗಳು ಕಳೆದ ಮೇಲೂ ಜರ್ಮನಿ, ಇಂಗ್ಲೆಂಡು, ಅಮೆರಿಕೆಗಳ ರಸ್ತೆಗಳಲ್ಲಿ ಇವು ಓಡುತ್ತಿವೆ. ಆ ಗಾಡಿಗಳ ಯಜಮಾನರೆಲ್ಲ ಕೋಟ್ಯಧೀಶರಲ್ಲ. ಅವರಲ್ಲಿ ಅನೇಕರು ಭಾನುವಾರ ಬೆಳಗ್ಗೆ ಎಣ್ಣೆಯ ಕಡ್ಡಿಯನ್ನು ಎಳೆದು ನೋಡಿ, ಒರಸಿ, ಮತ್ತೆ ಇಟ್ಟು, ಪುಸ್ತಕದಲ್ಲಿ ಒಂದು ಸಾಲು ಬರೆದುಕೊಳ್ಳುವ ಸಾಮಾನ್ಯ ಗೃಹಸ್ಥರು.